ಕಾಲೊಂದು ಸಾಕು

ಕಡಲ ಬಂಡೆಗಳ ನಡುವೆ ಹಿಡಿದ ಉಗುರಿನಷ್ಟು ಪುಟ್ಟ ಏಡಿಗಳನ್ನು ಸಾಂತಾಕ್ರೂಜ್‌ನ ಮನೆಯ ಸಿಂಕಿನಲ್ಲಿ ತೊಳೆಯುತ್ತಿದ್ದೆ. ಉಡುಪಿ ಕಡೆ ಮೀನು ಆಯುತ್ತಲೇ ಬೆಳೆದ ಅಮ್ಮ ಇಣುಕಿದಳು. “ಇದ್ರಲ್ಲಿ ಎರಡು ಜಾತಿ ಉಂಟು ಮಗಾ.”

ಪುಸ್ತಕದಲ್ಲಿ ಒಂದೇ ಜಾತಿ ಎಂದಿತ್ತು. ಪಿಎಚ್‌ಡಿ ಮಾಡುವವಳು ನಾನೋ ನೀನೋ ಎಂದು ಸಿಡುಕಿದೆ. ಡಿಎನ್‌ಎ ಪರೀಕ್ಷೆಗೆ ಕಾಲೊಂದು ಸಾಕೆಂದು ಕಾಲುಗಳನ್ನಷ್ಟೇ ಸ್ಪಿರಿಟ್ಟಿನಲ್ಲಿಟ್ಟು ಉಳಿದದ್ದನ್ನು ಎಸೆದೆ.

ಆರು ತಿಂಗಳ ಮೇಲೆ ಫಲಿತಾಂಶ ಬಂತು: ಯಾವ ಕಾಲದಲ್ಲೋ ಕವಲೊಡೆದ ಎರಡು ವಂಶ. ಇಡೀ ಏಡಿಗಳೇ ಬೇಕೆಂದು ಬಂಡೆಗಳತ್ತ ಓಡಿದೆ. ಅಲ್ಲಿ ಬಂಡೆಗಳೆಲ್ಲ ಮುಚ್ಚುವಂತೆ ಮಣ್ಣು ಸುರಿದು ತಗಡಿನ ಬೇಲಿ ಹಾಕಿದ್ದರು.

“ಅವತ್ತು ಏನು ವ್ಯತ್ಯಾಸ ಕಂಡಿತ್ತಮ್ಮಾ?” ಮನೆಗೆ ಬಂದು ಕೇಳಿದೆ.

“ಅದನ್ನು ಬಾಯಲ್ಲಿ ಹೇಳ್ಲಿಕ್ಕಾಗ್ತದಾ? ತೋರ್ಸು, ಹೇಳ್ತೇನೆ” ಎಂದು ಅಮ್ಮ ಕನ್ನಡಕ ಹಾಕಿಕೊಂಡಳು.