ಮೊದಲ ಚಮಚ ನನ್ನದು

ಚೆನ್ನೈಗೆ ಹೋದ ಹೊಸದರಲ್ಲಿ ನನಗೆ ಬಾಡಿಗೆಗೆ ಸಿಕ್ಕಿದ್ದು ಬೆಸೆಂಟ್ ನಗರದ ಒಂದು ಮಹಡಿ ಕೋಣೆ. ಕೆಳಗೆ ಮನೆಯೊಡತಿ ಒಬ್ಬರೇ ಇದ್ದರು. ತಾತನ ಕಾಲದಲ್ಲೇ ಮದರಾಸಿಗೆ ಬಂದು ನೆಲೆ ನಿಂತ ಕನ್ನಡದ ವೈಷ್ಣವ ಮನೆತನ ಅವರದು. ಬೀದಿಯವರೆಲ್ಲ ಮಾಮಿ ಅನ್ನುತ್ತಿದ್ದರು, ನಾನೂ ಅಂದೆ. ನಾನು ಮಂಡ್ಯದ ಕಡೆಯವಳು ಎಂದು ತಿಳಿದ ಕೂಡಲೇ ಅವರು ಕೇಳಿದ್ದು ಒಂದೇ.

"ನೀವು ನಾನ್‌ವೆಜ್ ಸಾಪ್ಪಿಡ್ತೀರಾ?"

"ಹಬ್ಬಕ್ಕೆ, ನೆಂಟರು ಬಂದಾಗ ಮಾಡ್ತೀವಿ."

"ಇಲ್ಲಿ ಇರೋವರೆಗೂ ಕೂಡದು ಮಾ. ಆಚೆ ತಿಂದ್ಬಿಟ್ಟು ಬಂದೂ ಈ ಗೇಟ್ ದಾಟಕೂಡದು."

ಕೋಣೆಗೆ ಗಾಳಿ ಬೆಳಕು ಚೆನ್ನಾಗಿತ್ತು, ನುಂಗಂಬಾಕ್ಕಂನ ಆಫೀಸಿಗೆ ಬಸ್ಸಿತ್ತು. ಕತ್ತು ಅಲ್ಲಾಡಿಸಿದೆ. ಹಾಗೆ ಅಲ್ಲಾಡಿಸಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಸಂಜೆಯಾದರೆ ಸಮುದ್ರದ ಪಕ್ಕದ ರಸ್ತೆಯ ತುಂಬ ಜನ. ಹೋಟೆಲುಗಳು, ಕಾಫಿ ಅಂಗಡಿಗಳು, ಮಹಡಿಯ ಮೇಲೆ ಹಾಡು ಹಾಕಿ ದೀಪ ಮಂದ ಮಾಡಿಟ್ಟ ಜಾಗಗಳು. ಅಲ್ಲೆಲ್ಲ ಕೂತು ಉಣ್ಣಬೇಕೆಂಬ ಆಸೆ ನನಗೆ ಬಹಳ ಇತ್ತು. ಒಂದು ದಿನ ಧೈರ್ಯ ಮಾಡಿ ಒಬ್ಬಳೇ ಹೋದೆ. ಪಕ್ಕದ ಟೇಬಲ್ಲಿನ ಗಂಡಸೊಬ್ಬ ಕುರ್ಚಿ ಎಳೆದುಕೊಂಡು ನನ್ನೆದುರೇ ಬಂದು ಕೂತ. ಅವನು ಏನಂದನೋ ಅರ್ಥವಾಗಲಿಲ್ಲ, ನೋಡಿದ ನೋಟ ಅರ್ಥವಾಯಿತು. ಸುತ್ತ ಕೂತವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಅರ್ಧ ತಟ್ಟೆ ಬಿಟ್ಟು ಎದ್ದು ಬಂದೆ. ಆ ಊರಿನ ಮೇಲೆ ನನಗೆ ದ್ವೇಷ ಹುಟ್ಟಿದ್ದು ಅವತ್ತು.

ವಿಷಯ ಕೇಳಿ ಮಾಮಿ, "ತನಿಯಾ ಯಾಕೆ ಹೋಗ್ತೀ? ಒಬ್ಬಳೇ ಹೋಗೋ ಊರಲ್ಲ ಇದು. ನನ್ ಜೊತೆ ಬಾ" ಅಂದರು. ಗಂಡ ತೀರಿಕೊಂಡ ಮೇಲೆ ಅವರಿಗೂ ಹೊರಗೆ ಹೋಗುವ ಚಪಲ ಹತ್ತಿತ್ತು, ಜೊತೆ ಬೇಕಿತ್ತು. ಆಟೋ ಹತ್ತುವ ಮೊದಲು ನಂಬರಿನ ಫೋಟೋ ತೆಗೆ, ಗೋಡೆಗೆ ಬೆನ್ನು ಕೊಟ್ಟು ಕೂರು, ಲೋಟ ಟೇಬಲ್ಲಿನ ಮೇಲೆ ಬಿಟ್ಟು ಎದ್ದು ಹೋದರೆ ಬಂದು ಮತ್ತೆ ಅದನ್ನು ಕುಡಿಯಬೇಡ, ಒಂಬತ್ತೂವರೆಯೊಳಗೆ ಮನೆ ಸೇರು. ಇವೆಲ್ಲ ಅವರು ಕಲಿಸಿದ್ದು. ಇದ್ದದ್ದು ಇದ್ದ ಹಾಗೆ ಹೇಳಬೇಕು, ಅವೆಲ್ಲ ನನ್ನ ಉಪಯೋಗಕ್ಕೆ ಬಂದವು.

ಆದರೆ ಮೊದಲ ಸಂಜೆಯೇ ನೂಡಲ್ಸ್ ಬಂದಾಗ ಮಾಮಿ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ನೀ ಮೊದಲು ಕೊಂಜ ತಿಂದು ಹೇಳು ಮಾ. ಮೊಟ್ಟೆ ಗಿಟ್ಟೆ ಇದ್ರೆ ನಿಂಗೆ ತಿಳಿಯುತ್ತೆ. ನಮಗೆಲ್ಲಿ ಗೊತ್ತಾಗುತ್ತೆ, ಜನ್ಮದಲ್ಲಿ ಬಾಯಿಗಿಟ್ಟವರಲ್ಲ."

ಅವತ್ತು ನಗು ಬಂತು. ನಾಲ್ಕನೆಯ ಸಲಕ್ಕೆ ಬರಲಿಲ್ಲ. ಯಾವ ನಾಲಿಗೆ ಅವರ ಮನೆಗೆ ಮೈಲಿಗೆಯೋ ಅದೇ ನಾಲಿಗೆ ಹೋಟೆಲಿನಲ್ಲಿ ಬೇಕು. ಎರಡು ಸಲ ಮೊಟ್ಟೆ ಸಿಕ್ಕಿತು. ಆ ದಿನಗಳಲ್ಲಿ ಮನೆಗೆ ಬಂದ ಮೇಲೆ ಹಿತ್ತಲಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಮೆಟ್ಟಿಲು ಹತ್ತು ಅಂದರು. ತಿಂದದ್ದು ಅವರಿಗಾಗಿ, ಬಾಯಿ ತೊಳೆಯಬೇಕಾದವಳು ನಾನು. ಮೈ ಉರಿಯುತ್ತಿತ್ತು, ಆದರೂ ತೊಳೆದೆ. ಒಂಟಿ ಹೆಂಗಸಿಗೆ ಆ ಏರಿಯಾದಲ್ಲಿ ಬೇರೆ ಕೋಣೆ ಸಿಗುವುದು ಅಷ್ಟು ಸುಲಭವಿರಲಿಲ್ಲ.

ಹೀಗೆ ಒಂದೂವರೆ ವರ್ಷ ನಡೆಯಿತು. ಒಂದು ಶನಿವಾರ ಸಂಜೆ ಮಾಮಿ ತಮ್ಮ ಜೊತೆ ಬೀಚಿನಲ್ಲಿ ವಾಕಿಂಗ್ ಮಾಡುವ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಹೊಸ ಚೈನೀಸ್ ಹೋಟೆಲಿಗೆ ಹೊರಟರು. ಅವರಿಬ್ಬರೂ ತಮಿಳರು, ಮಾಮಿಯಷ್ಟೇ ಮಡಿಯವರು. ಮೆಕ್ಕೆಜೋಳದ ಸೂಪು ಹೇಳಿದರು. ವೆಜ್ ತಾನೇ ಎಂದು ವೇಟರನನ್ನು ಮೂರು ಸಲ ಕೇಳಿದರು. ನಾಲ್ಕು ಬಟ್ಟಲು ಬಂದವು. ಗೆಳತಿಯರು ಚಮಚ ಎತ್ತುವಷ್ಟರಲ್ಲಿ ಮಾಮಿ ಕೈ ಅಡ್ಡ ಮಾಡಿ, "ಇರುಂಗೊ, ಇವ ಪಾಕ್ಕಟ್ಟುಂ" ಅಂದರು. ಇವಳು ನೋಡಲಿ ಎಂದು. ಆಮೇಲೆ ನನಗೆ ತಮಿಳು ತಿಳಿಯುವುದಿಲ್ಲ ಅನ್ನುವ ಹಾಗೆ, ಇವಳು ಎಲ್ಲ ತಿನ್ನುವ ಜಾತಿ, ಬಾಯಿಗಿಟ್ಟ ತಕ್ಷಣ ಹೇಳಿಬಿಡುತ್ತಾಳೆ ಎಂದು ತಮಿಳಿನಲ್ಲೇ ವಿವರಿಸಿದರು. ಗೆಳತಿಯರಲ್ಲಿ ಒಬ್ಬರು ನಕ್ಕು, ತನಗೂ ಇಂಥವಳೊಬ್ಬಳು ಸಿಗಬಾರದೇ ಅಂದರು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಮೂಸುವ ನಾಯಿಯನ್ನು ಮೆಚ್ಚುವ ಹಾಗಿತ್ತು ಅವರು ನನ್ನನ್ನು ನೋಡಿದ ನೋಟ.

ಒಂದು ಚಮಚ ಕುಡಿದೆ. ಕೋಳಿ ಬೇಯಿಸಿದ ನೀರು, ಅನುಮಾನವೇ ಇಲ್ಲ. ತುಂಡು ಒಂದೂ ಇರಲಿಲ್ಲ. ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದು ಮಾತು ಹೇಳಿದ್ದರೆ ಎಲ್ಲ ಎಂದಿನಂತೆ ಮುಗಿಯುತ್ತಿತ್ತು. ಇಲ್ಲ ಎಂದು ಸುಳ್ಳು ಹೇಳಿ ಅವರ ನೇಮ ಕೆಡಿಸುವಷ್ಟು ಕೆಟ್ಟವಳೂ ನಾನಲ್ಲ.

"ಗೊತ್ತಾಗ್ತಿಲ್ಲ ಮಾಮಿ" ಅಂದೆ. "ನಿಮ್ಮನೇಲಿದ್ದು ಆ ರುಚೀನೇ ಮರ್ತೋಗ್ಬುಟ್ಟದೆ."

"ಅದೆಂಥ ಮಾತು? ಸರಿಯಾಗಿ ನೋಡಿ ಹೇಳು."

"ನೀವೇ ನೋಡ್ಕಳಿ. ನನ್ ಕೈಲಾಗಕಿಲ್ಲ."

ಹಾಗಂದು ನಾನು ನನ್ನ ಬಟ್ಟಲು ಎಳೆದುಕೊಂಡು ಕುಡಿಯತೊಡಗಿದೆ. ಒಂದೂವರೆ ವರ್ಷದ ಮೇಲೆ ಗಂಟಲಿಗಿಳಿದ ಕೋಳಿ ರುಚಿ, ಚೆನ್ನಾಗಿತ್ತು. ಗೆಳತಿಯರು ಮಾಮಿಯ ಮುಖ ನೋಡಿದರು. ಕರೆದುಕೊಂಡು ಬಂದವರು ಮಾಮಿ, ಸುಮ್ಮನೆ ಕೂರುವಂತಿರಲಿಲ್ಲ. ಚಮಚದ ತುದಿ ಅದ್ದಿ ನಾಲಿಗೆಗೆ ತಾಗಿಸಿದರು. ತಾಗಿಸಿದವರೇ ಚಮಚ ಕೆಳಗಿಟ್ಟು, "ವೇಂಡಾಂ, ಕುಡೀಬೇಡಿ. ಇದು ಕೋಳಿ" ಅಂದರು.

ಅಂದ ಮೇಲೆ ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಗೆಳತಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೇಳಬೇಕಾದ್ದನ್ನು ಅವರು ಮರ್ಯಾದೆಗೆ ಕೇಳಲಿಲ್ಲ. ನನಗೆ ಆ ಮರ್ಯಾದೆ ಇರಲಿಲ್ಲ.

"ನಿಮಗೆ ಹೆಂಗೆ ಗೊತ್ತಾಯ್ತು ಮಾಮಿ?"

ಮಾಮಿ ವೇಟರನನ್ನು ಕರೆದು ಬಿಲ್ಲು ಕೇಳಿದರು. ಯಾರೂ ಊಟ ಮಾಡಲಿಲ್ಲ. ಗೆಳತಿಯರು ಬೇರೆ ಆಟೋ ಹಿಡಿದರು.

ನಮ್ಮ ಆಟೋದಲ್ಲಿ ಮಾಮಿ ತಾವಾಗಿಯೇ ಹೇಳಿದರು. "ಚಿಕ್ಕವಳಿದ್ದಾಗ ಕೋಡಂಬಾಕ್ಕಂನಲ್ಲಿ ಇದ್ವಿ. ಎದುರುಮನೆ ಅಕ್ಕ ಕೋಳಿ ರಸಂ ಕೊಡ್ತಿದ್ರು. ಅಮ್ಮಂಗೆ ತಿಳಿಯದೆ ಎಷ್ಟೋ ಸಲ ಕುಡಿದಿದೀನಿ. ಯಾರ ಹತ್ರಾನೂ ಸೊಲ್ಲಬೇಡ."

ಅಯ್ಯೋ ಪಾಪ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ನನ್ನ ಸಿಟ್ಟು ಇನ್ನೂ ಏರಿತು.

"ರುಚಿ ನಿಮಗೇ ಗೊತ್ತಿತ್ತಲ್ಲ. ಮತ್ತೆ ಇಷ್ಟು ದಿನ ನಂಗ್ಯಾಕೆ ತಿನ್ನಿಸಿದ್ರಿ?"

ಮಾಮಿ ನನ್ನ ಮೊಣಕೈ ಮುಟ್ಟಿದರು. ಕೋಪವಿಲ್ಲದೆ, ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದರು.

"ನಾನು ತಿಂದು ನೋಡಕ್ಕಾಗುತ್ತಾ ಮಾ? ನೀ ತಿಂದ್ರೆ ನಿನಗೆ ಏನೂ ಆಗಲ್ಲವಲ್ಲ."

ಆ ತಿಂಗಳೇ ಮನೆ ಬಿಟ್ಟೆ.