ಒಂಬತ್ತನೇ ಕಂತಿನ ಬಾಗಿಲು

ನಾನು ಚಿಕ್ಕವಳಿದ್ದಾಗ ನಮ್ಮ ಖಾನಾಪುರದ ಮನೆಯಲ್ಲಿ ನೀಲಿ ಕೆಂಪು ಪಟ್ಟಿಯ ಒಂದು ಜಮಖಾನೆ ಇತ್ತು. ಅದರ ಮೇಲೆ ಕೂರಬೇಕಾದರೆ ಒಂದು ಪುಸ್ತಕ ಓದಿರಬೇಕಿತ್ತು. ನಗಬೇಡಿ ಮಕ್ಕಳೇ, ಖರೇ ಹೇಳುತ್ತಿದ್ದೇನೆ. ಬೇರೆ ದಿನ ಯಾರು ಬೇಕಾದರೂ ಅದರ ಮೇಲೆ ಹೊರಳಾಡಬಹುದಿತ್ತು. ರವಿವಾರ ಸಂಜೆ ಮಾತ್ರ ಹಾಗಿರಲಿಲ್ಲ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿದು ಹೋಗುತ್ತಿತ್ತು. ಊಟವಾದ ಮೇಲೂ ಅಂಗಳದಲ್ಲಿ ಬೆಳಕು ಉಳಿದಿರುತ್ತಿತ್ತು. ಆ ಬೆಳಕಿನಲ್ಲಿ ಅಪ್ಪ ಜಮಖಾನೆ ಹಾಸುತ್ತಿದ್ದರು. ಅವರು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಎಷ್ಟು ತೊಳೆದರೂ ಅವರ ಅಂಗಿಯ ತೋಳಿನಿಂದ ಕೆಮ್ಮಣ್ಣಿನ ವಾಸನೆ ಹೋಗುತ್ತಿರಲಿಲ್ಲ. ಅವರ ಎದುರಿಗೆ ಅವರ ತಮ್ಮ, ನಮ್ಮ ಕಾಕಾ, ಕೂರುತ್ತಿದ್ದರು. ಬಾಜು ಮನೆಯ ಮಾಸ್ತರರು ಬರುತ್ತಿದ್ದರು. ಅವರು ಮರಾಠಿ ಶಾಲೆಯಲ್ಲಿ ಕಲಿಸುವವರು. ಒಂದು ಮಾತನ್ನು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದರು. ಅಡಿಗೆಮನೆ ಬಳಿದಿಟ್ಟು ಅವ್ವ ಬಂದು ಸೆರಗಿಗೆ ಕೈ ಒರೆಸುತ್ತ ಒಂದು ಅಂಚಿಗೆ ಕೂರುತ್ತಿದ್ದಳು. ಆಮೇಲೆ ಈ ವಾರ ಏನು ಓದಿದೆ, ಹೇಗಿತ್ತು ಅಂತ ಒಬ್ಬೊಬ್ಬರೇ ಹೇಳಬೇಕು. ಅಪ್ಪನದು ಒಂದೇ ಕಟ್ಟುನಿಟ್ಟು. ಓದದೇ ಮಾತಾಡಬಾರದು.

ಜಮಖಾನೆಯ ಹೊರಗೆ ಇಬ್ಬರು ಉಳಿಯುತ್ತಿದ್ದೆವು. ಒಬ್ಬಳು ನಾನು, ನಾಲ್ಕನೇ ಇಯತ್ತೆಯ ಹುಡುಗಿ. ಇನ್ನೊಬ್ಬಳು ಆಯಿ, ಅಂದರೆ ಅಪ್ಪನ ತಾಯಿ. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಕಣ್ಣೂ ಮಂಜಾಗಿತ್ತು. ಅವಳು ಹೊಸ್ತಿಲ ಹತ್ತಿರ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಅವಳ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ಕಾಕಾ ಬೆಳಗಾವಿಯಿಂದ ಒಂದು ದಪ್ಪ ಪುಸ್ತಕ ತಂದರು. ಅಂಗಡಿಯಲ್ಲಿ ಕೊಂಡ ಪುಸ್ತಕವಲ್ಲ ಅದು. ಬೆಳಗಾವಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜು ಕಲಿಯುತ್ತಿದ್ದ ಅಕ್ಕ ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರ ಕತ್ತರಿಸಿ ಕೂಡಿಡುತ್ತಿದ್ದಳು. ಕಥೆಯ ಹೆಸರೂ ಚಿತ್ರವೂ ಇರುವ ತಲೆಭಾಗವನ್ನು ಬೇರೆ ಕತ್ತರಿಸಿ ತನ್ನ ಚಿತ್ರದ ವಹಿಗೆ ಅಂಟಿಸಿಕೊಳ್ಳುತ್ತಿದ್ದಳು. ಉಳಿದ ಹಾಳೆಗಳ ಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ಕಂತಿನ ಅಂಕಿ ಬರೆಯುತ್ತಿದ್ದಳು. ಕಥೆ ಮುಗಿದಾಗ ಒಂದು ಗಲ್ಲಿಯಲ್ಲಿದ್ದ ಬೈಂಡಿಂಗಿನವನಿಗೆ ಕೊಟ್ಟು ಕಟ್ಟಿಸುತ್ತಿದ್ದಳು. ಈ ಸಲ ಅವಳಿಗೆ ಪರೀಕ್ಷೆ, ಹೀಗಾಗಿ ಕಾಕಾ ಹೋಗಿ ಇಸಿದುಕೊಂಡು ಬಂದಿದ್ದರು. ನೀಲಿ ಬಟ್ಟೆಯ ರಟ್ಟು. ಮೂಗಿಗೆ ಹಿಡಿದರೆ ಹಿಟ್ಟಿನ ಅಂಟು, ಮೈಲುತುತ್ತದ ಕಟು ವಾಸನೆ. ಹೆಸರು ಎಲ್ಲಿಯೂ ಇರಲಿಲ್ಲ. ಹದಿನೆಂಟು ಕಂತು. ಕೊನೆಗೆ ನಾಲ್ಕು ಖಾಲಿ ಹಾಳೆ. ಓದಿದವರು ಅಭಿಪ್ರಾಯ ಬರೆಯಲಿ ಅಂತ ಅಕ್ಕ ಯಾವಾಗಲೂ ಹಾಕಿಸುತ್ತಿದ್ದಳು.

ಮೂರು ವಾರದಲ್ಲಿ ಅದು ಎಲ್ಲರ ಕೈ ದಾಟಿತು. ಎಲ್ಲರ ಓದು ಮುಗಿಯುವ ತನಕ ಜಮಖಾನೆಯ ಮೇಲೆ ಅದರ ಮಾತು ಎತ್ತಬಾರದು ಅಂತ ಅಪ್ಪ ಹೇಳಿದ್ದರು. ನನ್ನ ಕೈಗೆ ಬಂದಾಗ ನಾನು ಮೊದಲು ನೋಡಿದ್ದೇ ಆ ಕೊನೆಯ ಹಾಳೆಗಳನ್ನು. ಅಪ್ಪ ಗುಂಡಗುಂಡಗೆ ಬರೆದಿದ್ದರು, ಕೊನೆ ಮನಸ್ಸಿಗೆ ನಾಟಿತು ಅಂತ. ಕಾಕಾ ಬರೆದಿದ್ದು, ಕಳ್ಳ ಸಿಕ್ಕಿಬಿದ್ದ ರೀತಿ ಬಹಳ ಸೊಗಸು. ಮಾಸ್ತರರು ಮರಾಠಿಯಲ್ಲಿ ಅರ್ಧ ಪುಟ ಬರೆದು, ಇದು ಹೊಸ ಕಾಲದ ಕಥೆ, ಸಾಮಾನ್ಯರಿಗೆ ತಿಳಿಯಲಿಕ್ಕಿಲ್ಲ ಅಂತ ಮುಗಿಸಿದ್ದರು. ಅವ್ವ ಏನೂ ಬರೆದಿರಲಿಲ್ಲ, ಹಾಳೆಗಳ ಅಂಚಿಗೆ ಅವಳ ಅರಿಸಿನದ ಬೆರಳಚ್ಚುಗಳಿದ್ದವು. ಇದನ್ನು ಪೂರಾ ಓದಿ ಮುಗಿಸಿದರೆ ಬರುವ ರವಿವಾರ ನಾನೂ ಜಮಖಾನೆಯ ಮೇಲೆ ಕೂರಬಹುದು ಅಂತ ಅಪ್ಪ ಹೇಳಿದರು. ಆ ದಿನ ಖುಷಿಯಲ್ಲಿ ಅವಲಕ್ಕಿ ತಿನ್ನುವುದನ್ನೇ ಮರೆತೆ.

ಮಧ್ಯಾಹ್ನ ಶಾಲೆ ಬಿಟ್ಟು ಬಂದು ಆಯಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದುತ್ತಿದ್ದೆ. ಅವಳ ಕೈಯಲ್ಲಿ ಬಿಡಿಸುವ ಅವರೆಕಾಯಿ ಇರುತ್ತಿತ್ತು. ಕಥೆಯಲ್ಲಿ ಒಬ್ಬ ತಾಯಿ. ಅವಳ ಮಗ ಒಂದು ದಿನ ಮಾತಿಗೆ ಮಾತು ಬೆಳೆಸಿ ಮನೆ ಬಿಟ್ಟು ಹೋಗಿದ್ದಾನೆ. ತಾಯಿ ಅಕ್ಕಿ ಆರಿಸುತ್ತಾಳೆ, ನೂಲು ಸುತ್ತುತ್ತಾಳೆ, ಕಾಯುತ್ತಾಳೆ. ಹಾಲಿನವ ಬರಲಿ, ಅಂಚೆಯವ ಬರಲಿ, ಕೂತಲ್ಲಿಂದಲೇ ಯಾರು ಅಂತ ಕೂಗಿ ಕೇಳುವವಳು ಅವಳು. ಆಯಿ ಕೆಲವೊಮ್ಮೆ ಅವರೆಕಾಯಿ ಬಿಟ್ಟು ಸುಮ್ಮನೆ ಕೂತಿರುತ್ತಿದ್ದಳು. ಒಂಬತ್ತನೇ ಕಂತಿನ ಕೊನೆಗೆ ಹೊರಗೆ ಹೆಜ್ಜೆ ಸಪ್ಪಳವಾಗುತ್ತದೆ. ತಾಯಿ ಮೊರ ಕೆಳಗಿಟ್ಟು ಎದ್ದು, ಒಂದು ಮಾತೂ ಆಡದೆ ಬಾಗಿಲಿಗೆ ಹೋಗುತ್ತಾಳೆ.

ನಾನು ಹಾಳೆ ತಿರುವಿದೆ. ಹತ್ತನೇ ಕಂತಿನಲ್ಲಿ ಒಂದು ನಾಟಕ ಕಂಪನಿ ಇತ್ತು.

ಕಿರೀಟ ಕಳುವಾಗಿದೆ ಅಂತ ಎಲ್ಲರೂ ಗದ್ದಲ ಮಾಡುತ್ತಿದ್ದರು. ಹಾರ್ಮೋನಿಯಂ ನುಡಿಸುವವನ ಮೇಲೆ ಎಲ್ಲರಿಗೂ ಸಂಶಯ. ಯಾಕೆ ಸಂಶಯ ಅನ್ನುವುದನ್ನು ಹೇಳಿರಲಿಲ್ಲ. ಅವನು ಯಾರು ಅನ್ನುವುದನ್ನೂ ಹೇಳಿರಲಿಲ್ಲ. ಮುಂದೆ ತಾಯಿ ಬರಬಹುದು ಅಂತ ಓದಿದೆ. ಹನ್ನೊಂದು, ಹನ್ನೆರಡು, ಹದಿಮೂರು. ಪರದೆ ಬಂತು, ಬಣ್ಣದ ಪೆಟ್ಟಿಗೆ ಬಂತು, ರಾಜನ ಪಾತ್ರದವನಿಗೆ ಜ್ವರ ಬಂತು. ತಾಯಿ ಬರಲಿಲ್ಲ. ಗುರುವಾರದ ಹೊತ್ತಿಗೆ ಆಯಿಯ ತಾಳ್ಮೆ ತಪ್ಪಿತು.

"ನೀ ಹಾಳಿ ದಾಟಿಸಿ ಓದಾಕತ್ತಿ," ಅಂದಳು. "ಆಕಿ ಬಾಗಿಲಕ್ಕ ಹ್ವಾದ್ಲಲ್ಲ, ಬಂದಾಂವ ಮಗಾ ಹೌದೋ ಅಲ್ಲೋ? ಮದಲ ಅದನ್ನ ಓದು."

ನಾನು ಒಂದು ಸಾಲೂ ಬಿಟ್ಟಿಲ್ಲ ಅಂತ ಆಣೆ ಮಾಡಿ ಹೇಳಿದೆ. ಆಯಿ ನಂಬಲಿಲ್ಲ. ಓದಲು ಬೇಸರವಾಗಿ ಹೀಗೆ ಮಾಡುತ್ತಿದ್ದೀಯ, ಕಣ್ಣು ಕಾಣದವಳು ಅಂತ ಆಟ ಆಡಿಸುತ್ತಿದ್ದೀಯ ಅಂತ ಗೋಡೆಯ ಕಡೆ ಮುಖ ತಿರುಗಿಸಿದಳು. ಶುಕ್ರವಾರ ನಾನು ಪುಸ್ತಕ ತೆಗೆದುಕೊಂಡು ಹೋದರೆ ಬೇಡ ಅಂದಳು. ನನ್ನ ಜೊತೆ ಆಯಿ ಮಾತು ಬಿಟ್ಟದ್ದು ಅದೇ ಮೊದಲು. ನನಗೆ ಅಳುವೇ ಬಂತು.

ಹಿತ್ತಲಿಗೆ ಹೋಗಿ ಉಳಿದ ಕಂತುಗಳನ್ನು ಒಬ್ಬಳೇ ಓದಿ ಮುಗಿಸಿದೆ, ತಾಯಿ ಬರಲೇ ಇಲ್ಲ. ಒಂಬತ್ತನೇ ಕಂತನ್ನು ಮತ್ತೆ ಮತ್ತೆ ಓದಿದೆ. ಹಾಳೆಗಳು ಅಂಟಿಕೊಂಡಿವೆಯೋ ಅಂತ ಬಿಸಿಲಿಗೆ ಹಿಡಿದು ನೋಡಿದೆ. ಆ ಹಾರ್ಮೋನಿಯಂ ಮನುಷ್ಯನೇ ಮಗ ಇರಬಹುದೇ? ಕಿರೀಟ ತಾಯಿಯದೇ? ತಲೆ ಕೆಟ್ಟು ಕೆರ ಹಿಡಿದು ಹೋಯಿತು. ಅಪ್ಪನಿಗೆ ತಿಳಿದಿದೆ, ಕಾಕಾಗೆ ತಿಳಿದಿದೆ, ಮಾಸ್ತರರಿಗಂತೂ ಅರ್ಧ ಪುಟದಷ್ಟು ತಿಳಿದಿದೆ. ತಿಳಿಯದವಳು ನಾನೊಬ್ಬಳೇ. ನಾನು ದಡ್ಡಿ, ಜಮಖಾನೆಗೆ ಲಾಯಕ್ಕಿಲ್ಲ ಅನ್ನಿಸಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ಬಹಳ ಚೆನ್ನಾಗಿದೆ ಅಂದುಬಿಟ್ಟರಾಯಿತು, ಯಾರು ಕೇಳುತ್ತಾರೆ?

ರವಿವಾರ ಬಂತು. ಅವ್ವ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ಜಮಖಾನೆಯ ಮೇಲೆ ಕಾಲು ಮಡಿಸಿ ಕೂತೆ. ನೂಲು ಬರಿಗಾಲಿಗೆ ಚುಚ್ಚುತ್ತಿತ್ತು. ಹೊರಗಿನಿಂದ ಇಷ್ಟು ದಿನ ನೋಡಿ ಅದು ಮೆತ್ತಗಿರಬೇಕು ಅಂದುಕೊಂಡಿದ್ದೆ. ಅಪ್ಪ ಮೊದಲು ನನ್ನನ್ನೇ ಕೇಳಿದರು. ಬಹಳ ಚೆನ್ನಾಗಿದೆ ಅನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಂಬದ ಹತ್ತಿರ ಆಯಿ ಕಾಣಿಸಿದಳು. ನನ್ನ ಕಡೆ ಮುಖ ಮಾಡಿರಲಿಲ್ಲ, ಕಿವಿ ಮಾತ್ರ ಕೊಟ್ಟಿದ್ದಳು.

"ನನಗ ತಿಳೀಲಿಲ್ಲರೀ ಅಪ್ಪಾ," ಅಂದೆ. "ಆ ತಾಯಿ ಎಲ್ಲಿ ಹ್ವಾದ್ಲು?"

 ಕಾಕಾ, ಯಾವ ತಾಯಿ ಅಂತ ಕೇಳಿದರು. ಮಾಸ್ತರರು ಗಂಟಲು ಸರಿಮಾಡಿಕೊಂಡು, ತಾಯಿ ಅಂದರೆ ಇಲ್ಲಿ ನಾಟಕ ಕಂಪನಿಯೇ, ಅದು ಒಳ ಅರ್ಥ ಅಂತ ವಿವರಿಸತೊಡಗಿದರು. ಅಪ್ಪ, ಯಾವ ನಾಟಕ ಕಂಪನಿ ಅಂತ ಹುಬ್ಬು ಗಂಟಿಕ್ಕಿದರು. ಒಂದೇ ಪುಸ್ತಕ ಓದಿದ ಮೂವರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು. ನನಗಂತೂ ಇದ್ದಬದ್ದ ಬುದ್ಧಿಯೂ ಕಲಸಿಹೋಯಿತು.

ಅದೇ ಹೊತ್ತಿಗೆ ಅಕ್ಕ ಬಂದಳು. ಪರೀಕ್ಷೆ ಮುಗಿಸಿ ಬೆಳಗಾವಿಯಿಂದ ಪ್ಯಾಸೆಂಜರ್ ಗಾಡಿಗೆ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಕಾಕಾನನ್ನು ಕೇಳಿದಳು, ಇನ್ನೊಂದು ಪುಸ್ತಕ ಎಲ್ಲಿ, ಗೆಳತಿ ದಿನಾ ಜೀವ ತಿನ್ನುತ್ತಿದ್ದಾಳೆ ಅಂತ. ಬೈಂಡಿಂಗಿನವನು ಒಂದೇ ಕೊಟ್ಟ ಅಂದರು ಕಾಕಾ. ಅಕ್ಕ ನೀಲಿ ಪುಸ್ತಕ ಎತ್ತಿಕೊಂಡು ನಡುವೆ ತೆರೆದಳು. ಮೂಲೆಯ ಕೆಂಪು ಅಂಕಿಗಳನ್ನು ನೋಡಿದಳು, ಒಂಬತ್ತು, ಆಮೇಲೆ ಹತ್ತು. ನಗು ತಡೆಯಲಾಗದೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

"ಇವು ಎರಡು ಕಥಿ ಅದಾವು," ಅಂದಳು.

ಆದದ್ದು ಇಷ್ಟು. ತಾಯಿಯ ಕಥೆ ಒಂಬತ್ತೇ ಕಂತಿನದು, ಅಲ್ಲಿಗೆ ಮುಗಿಯಿತು. ನಾಟಕ ಕಂಪನಿಯದು ಹದಿನೆಂಟು ಕಂತು, ಅದು ಅಕ್ಕನ ಗೆಳತಿಯದು. ಅವಳೂ ಅಕ್ಕನ ಹಾಗೆಯೇ ತಲೆಭಾಗ ಕತ್ತರಿಸಿ ಕೆಂಪು ಅಂಕಿ ಬರೆಯುವವಳು. ಮೊದಲ ಒಂಬತ್ತನ್ನು ಗೆಳತಿ ಹಿಂದೆಯೇ ಕಟ್ಟಿಸಿಕೊಂಡಿದ್ದಳು, ಉಳಿದ ಒಂಬತ್ತನ್ನು ಅಕ್ಕನ ಕೈಗೆ ಕೊಟ್ಟಿದ್ದಳು. ಎರಡೂ ಒಂದೇ ಚೀಲದಲ್ಲಿ ಹೋದವು. ಬೈಂಡಿಂಗಿನವನಿಗೆ ಕನ್ನಡ ಮಾತು ಬರುತ್ತಿತ್ತು, ಕನ್ನಡ ಅಂಕಿಯೂ ಬರುತ್ತಿತ್ತು. ಅವನು ಓದು ಕಲಿತದ್ದು ಮಾತ್ರ ಮರಾಠಿ. ಒಂದರಿಂದ ಹದಿನೆಂಟರ ತನಕ ಒಂದೂ ಅಂಕಿ ತಪ್ಪದ ಹಾಗೆ ಜೋಡಿಸಿ ಚೊಕ್ಕಟವಾಗಿ ಹೊಲಿದುಬಿಟ್ಟಿದ್ದ. ಅವನದೇನು ತಪ್ಪು?

ಕಾಕಾ ತಲೆ ಕೆರೆದುಕೊಂಡರು. ಅವರು ಕೊನೆಯ ಮೂರು ಕಂತನ್ನಷ್ಟೇ ಓದಿದ್ದರು. ಮಾಸ್ತರರು ಪೂರಾ ಓದಿದ್ದರು, ಪಾಪ, ತಿಳಿಯಲಿಲ್ಲ ಅನ್ನಲು ಅವರಿಗೆ ಬಾಯಿ ಬಂದಿರಲಿಲ್ಲ. ಅವ್ವನೂ ಪೂರಾ ಓದಿದ್ದಳಂತೆ. ನಮ್ಮಂಥವರಿಗೆ ತಿಳಿಯುವಂಥದ್ದಲ್ಲ ಅಂತ ಸುಮ್ಮನಾಗಿದ್ದಳಂತೆ. ಇನ್ನು ಉಳಿದವರು ಅಪ್ಪ. ಓದದೇ ಮಾತಾಡಬಾರದು ಅನ್ನುವ ಅಪ್ಪ. ಅವರು ಜಮಖಾನೆಯ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿದರು.

"ನಾ ಒಂಬತ್ತಕ್ಕ ನಿಲ್ಲಿಸಿದ್ನಿ," ಅಂದರು. "ಮುಂದ ಓದಾಕ ಆಗಲಿಲ್ಲ."

ಯಾಕೆ ಆಗಲಿಲ್ಲ ಅಂತ ಯಾರೂ ಕೇಳಲಿಲ್ಲ. ಅವ್ವನೂ ನಗು ನಿಲ್ಲಿಸಿದಳು. ದೊಡ್ಡವರು ಯಾಕೆ ಇದ್ದಕ್ಕಿದ್ದ ಹಾಗೆ ಸುಮ್ಮನಾದರು ಅನ್ನುವುದು ನನಗೆ ತಿಳಿಯಲಿಲ್ಲ. ಅಪ್ಪ ಎದ್ದು ಕಂಬದ ಹತ್ತಿರ ಹೋಗಿ, ಆಯಿಯ ಕೈ ಹಿಡಿದು ತಂದು ಜಮಖಾನೆಯ ಮೇಲೆ ತಮ್ಮ ಬಾಜು ಕೂರಿಸಿಕೊಂಡರು. ಆ ಕಥೆ ಹೇಗಿತ್ತು ಅಂತ ಕೇಳಿದರು. ಆಯಿ ಮೊದಲು ಅಕ್ಕನನ್ನು ಕೇಳಿದಳು, ಬಂದವನು ಯಾರು ಅಂತ. ಬರೆದವರು ಅದನ್ನು ಹೇಳಿಲ್ಲ, ಕಥೆ ಅಲ್ಲಿಗೇ ಮುಗಿಯಿತು ಅಂದಳು ಅಕ್ಕ.

ಆಯಿ ತಲೆ ಅಲ್ಲಾಡಿಸಿದಳು. "ಹೇಳ್ಯಾರಲ್ಲ," ಅಂದಳು. "ಯಾರ ಬಂದರೂ ಆಕಿ ಕುಂತಲ್ಲಿಂದನ ಯಾರು ಅಂತ ಕೇಳಾಕಿ. ಅವತ್ತ ಕೇಳಲಿಲ್ಲ. ಹೆಜ್ಜಿ ಗುರ್ತು ಹತ್ತಿ ಎದ್ದಾಳ. ಮಗಾನ ಬಂದಾನ."

 ಆ ಜಮಖಾನೆಯ ಮೇಲೆ ಅಷ್ಟು ಒಳ್ಳೆಯ ಮಾತನ್ನು ನಾನು ಅದರ ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಅಪ್ಪ ತಮ್ಮ ಪೆನ್ನನ್ನು ನನ್ನ ಕೈಗೆ ಕೊಟ್ಟರು. ಕೊನೆಯ ಹಾಳೆಯಲ್ಲಿ ಆಯಿಯ ಮಾತನ್ನು ನಾನು ಸೊಟ್ಟಸೊಟ್ಟಗೆ ಬರೆದೆ. ಬರೆಯುವಾಗ ಅವಳ ಕೈ ನನ್ನ ಬೆನ್ನ ಮೇಲಿತ್ತು. ರಾಜಿ ಆಯಿತು ಅಂತ ತಿಳಿದುಕೊಂಡೆ.

ಅಪ್ಪನಿಗೊಬ್ಬ ಅಣ್ಣನಿದ್ದ ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅಕ್ಕ ಹೇಳಿದಾಗ. ಚಿಕ್ಕ ವಯಸ್ಸಿನಲ್ಲೇ ಸಿಟ್ಟು ಮಾಡಿಕೊಂಡು ಮನೆ ಬಿಟ್ಟವನು. ಎಲ್ಲಿಗೆ ಹೋದ, ಯಾಕೆ ಬರಲಿಲ್ಲ, ಯಾರಿಗೂ ತಿಳಿಯಲಿಲ್ಲ. ಆಯಿ ಇರುವ ತನಕ ಅವನು ಬರಲಿಲ್ಲ. ಹಾಗಾದರೆ ಅಂದು ಆಯಿ ಹೇಳಿದ್ದು ಕಥೆಯ ತಾಯಿಗೋ, ತನಗೋ, ಪಕ್ಕದಲ್ಲಿ ಕೂತಿದ್ದ ಅಪ್ಪನಿಗೋ? ಈಗ ನನಗೆ ಆಯಿಯಷ್ಟೇ ವಯಸ್ಸು. ಇನ್ನೂ ತಿಳಿದಿಲ್ಲ.

ಈಗ ನಾನು ಬೆಳಗಾವಿಯ ನೆಹರು ನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ನನ್ನ ಮೊಮ್ಮಕ್ಕಳಿಗೂ ರವಿವಾರದ ಜಮಖಾನೆ ಇದೆ, ಅದು ಫೋನಿನಲ್ಲಿದೆ. ಏನು ಓದುತ್ತಿದ್ದೀರಿ ಅಂತ ಒಬ್ಬರು ಕೇಳಿದರೆ ಹತ್ತು ಜನ ರಕ್ಷಾಪುಟದ ಚಿತ್ರ ಹಾಕುತ್ತಾರೆ, ಕೆಳಗೆ ನಕ್ಷತ್ರ ಹಾಕುತ್ತಾರೆ. ಆ ಗುಂಪಿಗೆ ನನ್ನನ್ನೂ ಸೇರಿಸಿದ್ದಾರೆ. ಬೆಳಿಗ್ಗೆ ತೆರೆದ ಪುಸ್ತಕಕ್ಕೆ ಮಧ್ಯಾಹ್ನವೇ ಐದು ನಕ್ಷತ್ರ ಬಿದ್ದಿರುತ್ತದೆ. ಯಾರು ಓದಿದರು, ಯಾರು ಕೊನೆಯ ಮೂರು ಕಂತು ಓದಿದರು, ನನಗೆ ಅಲ್ಲಿಯೂ ಗೊಂದಲವೇ. ಕೊನೆ ತಿಳಿಯದಿದ್ದರೆ ಫೋನನ್ನೇ ಕೇಳುತ್ತಾರೆ, ಅದು ಹೇಳುತ್ತದೆ. ಮೊನ್ನೆ ಮೊಮ್ಮಗಳ ಕೈಗೆ ನೀಲಿ ಪುಸ್ತಕ ಕೊಟ್ಟೆ. ಒಂಬತ್ತನೇ ಕಂತಿಗೆ ನಿಂತು ಫೋನ್ ತೆಗೆದಳು. ಹೆಸರೇ ಇಲ್ಲದ ಪುಸ್ತಕ, ಏನಂತ ಕೇಳುತ್ತಾಳೆ? ಕೊನೆಯ ಹಾಳೆಯಲ್ಲಿ ಆಯಿಯ ಮಾತು ತೋರಿಸಿದೆ. ಓದಿ, ಹೆಜ್ಜೆ ಸಪ್ಪಳದಿಂದ ಹಾಗೆಲ್ಲ ಗುರುತು ಸಿಗುವುದಿಲ್ಲ ಅಂತ ಮೂಗು ಮುರಿದಳು. ನಮ್ಮ ಮನೆಯಲ್ಲಿ ಗಂಟೆ ಒತ್ತಿದವರ ಮುಖ ಫೋನಿನಲ್ಲೇ ಕಾಣುತ್ತದೆ, ಅವಳಿಗೆ ಹೇಗೆ ಗೊತ್ತಿರಬೇಕು?

ಸಂಜೆ ಅವಳು ಅಲ್ಲೇ ಕೂತು ಓದುತ್ತಿದ್ದಳು, ನಾನು ಅಕ್ಕಿ ಆರಿಸುತ್ತಿದ್ದೆ. ಉದ್ಯಮಬಾಗದ ಕಾರ್ಖಾನೆಯ ಕೆಲಸ ಮುಗಿಸಿ ಮಗ ಬರುವ ಹೊತ್ತು. ಬಾಗಿಲು ತೆರೆದೆ, ಹೊರಗೆ ಮಗ ನಿಂತಿದ್ದ. ತಿರುಗಿ ನೋಡಿದಾಗ ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಅವನು ಇನ್ನೂ ಗಂಟೆ ಒತ್ತಿರಲಿಲ್ಲ. ಯಾರು ಅಂತ ನಾನು ಕೇಳಿರಲಿಲ್ಲ. ಅಕ್ಕಿಯ ತಾಟು ಕೆಳಗಿಟ್ಟು ಯಾವಾಗ ಎದ್ದೆನೋ ನನಗೇ ಗೊತ್ತಿರಲಿಲ್ಲ. ಅವಳು ಪೆನ್ನು ತೆಗೆದುಕೊಂಡು, ಪುಸ್ತಕದ ಕೊನೆಯ ಹಾಳೆ ತೆರೆದು, ಆಯಿಯ ಮಾತಿನ ಕೆಳಗೆ ಬರೆದಳು: ಹೌದು, ಬಂದದ್ದು ಮಗನೇ.