ಅತ್ತೆಯ ಕಪಾಟಿನ ಮೇಲಿನ ಕಂಪ್ಯೂಟರ್

ಬುಧವಾರ ಬೆಳಿಗ್ಗೆ ಐದೂಕಾಲು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಆಕೆ ಕೇಳುತ್ತಿದ್ದಾರೆ: "ಅತ್ತೆ, ಹಸಿರು ದೀಪ ಉರೀತಿದ್ಯಾ?"

"ಉರೀತಿದೆಯಮ್ಮಾ. ನಿನ್ನ ಪೆಟ್ಟಿಗೆ ನನಗಿಂತ ಮೊದಲೇ ಎದ್ದಿದೆ."

ಆ ಪೆಟ್ಟಿಗೆ ಒಂದು ಹಳೆಯ ಕಂಪ್ಯೂಟರ್. ಊರಿನ ಇನ್ನೊಂದು ತುದಿಯಲ್ಲಿ, ನಾದಿನಿಯ ಮನೆಯ ಮೂರನೇ ಮಹಡಿಯಲ್ಲಿ, ಅತ್ತೆಯ ಬಟ್ಟೆ ಕಪಾಟಿನ ಮೇಲೆ ಕೂತಿದೆ. ಅಲ್ಲಿನ ಇಂಟರ್‌ನೆಟ್ಟಿನದು ಆಮೆಯೂ ನಾಚುವಂಥ ನಡಿಗೆ. ಈಕೆಗೆ ಬೇಕಾಗಿರುವುದೂ ಅದೇ.

ಹಗಲು ಈಕೆ ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವ ಗುಮಾಸ್ತೆ. ಹನ್ನೊಂದು ವರ್ಷಗಳಿಂದ ಬೆಳಿಗ್ಗೆ ಐದರಿಂದ ಏಳರವರೆಗೆ ಮಾತ್ರ ಬೇರೆ ಉದ್ಯೋಗ: ಪ್ರೋಗ್ರಾಂ ಬರೆಯುವವರು ಉಚಿತವಾಗಿ ಬಳಸುವ ಒಂದು ಟೆಕ್ಸ್ಟ್ ಎಡಿಟರ್‌ನ ರಿಪೇರಿ. ಫೈಲನ್ನು ಯಾರು, ಯಾವಾಗ, ಏನು ತಿದ್ದಿದರು ಎಂಬ ಚರಿತ್ರೆಯನ್ನೂ ಆ ಎಡಿಟರ್ ತೋರಿಸುತ್ತದೆ. ತಪ್ಪಿದರೆ ಹಿಂದಿನ ಪ್ರತಿಗೆ ಮರಳಬಹುದು. ಫೈಲು ದೂರದ ಕಂಪ್ಯೂಟರಿನಲ್ಲಿದ್ದರೆ ಮಾತ್ರ, ಸೇವ್ ಒತ್ತಿದ ಕೂಡಲೇ ಕಲ್ಲಾಗಿ ಕೂರುತ್ತದೆ.

"ಚರಿತ್ರೆ ಬರ್ಕೊಳ್ಳೋಕೆ ಒಂದು ಸೇವ್‌ಗೆ ಆ ದೂರದ ಕಂಪ್ಯೂಟರನ್ನ ಮೂವತ್ತೊಂದು ಪ್ರಶ್ನೆ ಕೇಳತ್ತೆ, ನೋಡಿ. ಉಪ್ಪಿಗೊಂದ್ಸಲ, ಬೆಂಕಿಪೊಟ್ಟಣಕ್ಕೊಂದ್ಸಲ ಅಂಗಡಿಗೆ ಓಡಿಸಿದ ಹಾಗೆ. ಚೀಟಿ ಬರ್ದು ಒಂದೇ ಸಲ ಕಳಿಸಬಾರ್ದಾ?" ಎಂದು ಈಕೆ ನನ್ನತ್ತ ತಿರುಗಿ ಹೇಳುತ್ತಾರೆ.

ಎಡಿಟರ್ ನೋಡಿಕೊಳ್ಳುವ ತಂಡದ ಹಿರಿಯರು "ನಮ್ಮಲ್ಲಿ ಸರಿಯಾಗೇ ಇದೆ" ಎಂದು ಮೂರು ಸಲ ಬಳಕೆದಾರರ ದೂರು ಮುಚ್ಚಿದರು. ಆದರೂ ದೂರು ನಿಲ್ಲಲಿಲ್ಲ. ಶುಕ್ರವಾರದೊಳಗೆ ಸರಿಯಾಗದಿದ್ದರೆ ದೂರದ ಫೈಲುಗಳಿಗೆ ಈ ಚರಿತ್ರೆಯ ಸೌಲಭ್ಯವೇ ಬೇಡ, ತೆಗೆದುಬಿಡೋಣ ಎಂದಿದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ ತಾನೆ?

ದ್ವೀಪವೊಂದರಲ್ಲಿ ಅಲೆಯ ಎತ್ತರ ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವವರೊಬ್ಬರು ಈಕೆಗೆ ಬರೆದಿದ್ದಾರೆ: "ದಯವಿಟ್ಟು ತೆಗೀಬೇಡಿ. ನಾನು ಕಲಿತವನಲ್ಲ. ದೂರದ ಯಂತ್ರದ ಫೈಲಲ್ಲಿ ಒಂದಂಕಿ ತಪ್ಪಾದ್ರೆ ಹಿಂದಕ್ಕೆ ಹೋಗೋಕೆ ನನಗೆ ಗೊತ್ತಿರೋದು ಇದೊಂದೇ ದಾರಿ." ಆ ಕಾಗದ ಬಂದಾಗಿನಿಂದ ಈಕೆಗೆ ಸಮಾಧಾನವಿಲ್ಲ.

ಮೊದಲ ಎಡವಟ್ಟು ತನ್ನದೇ ಎಂದು ಒಪ್ಪಿಕೊಳ್ಳುತ್ತಾರೆ. "ದೂರದ ಕಂಪ್ಯೂಟರ್ ಅಂತ ನನ್ನದನ್ನೇ ಇಟ್ಕೊಂಡು ಪರೀಕ್ಷೆ ಮಾಡ್ತಿದ್ದೆ. ಪಕ್ಕದಲ್ಲೇ ಇದ್ರೆ ತಡ ಎಲ್ಲಿಂದ ಆಗ್ಬೇಕು? ಹತ್ತು ದಿನ ನನಗೆ ನಾನೇ ಟೋಪಿ ಹಾಕ್ಕೊಂಡೆ. ಹಿರಿಯರೂ ಹಾಗೇ ಮಾಡ್ತಿದ್ರು."

ಹೀಗೆ ಪೆಟ್ಟಿಗೆ ಅತ್ತೆಯ ಕಪಾಟು ಹತ್ತಿತು. ಮೊದಲ ವಾರ ಅತ್ತೆ ಅದನ್ನು ಆರಿಸಿಯೇಬಿಡುತ್ತಿದ್ದರಂತೆ. "ಗುರ್ರ್ ಅಂತಿತ್ತು, ಪಾಪ, ಮಲಗಲಿ ಅಂತ" ಎನ್ನುವುದು ಅವರ ಸಮಜಾಯಿಷಿ. ಈಗ ದಿನಾ ಬೆಳಿಗ್ಗೆ ದೀಪ ನೋಡಿ ವರದಿ ಒಪ್ಪಿಸುವುದು ಅವರದೇ ಕೆಲಸ.

ಪ್ರಶ್ನೆಗಳನ್ನು ಚೀಟಿಯಂತೆ ಒಟ್ಟುಗೂಡಿಸಿ ಕಳಿಸುವ ಹಾಗೆ ತಿದ್ದಿದ ಎಡಿಟರಿನಲ್ಲಿ ಈಕೆ ಸೇವ್ ಒತ್ತುತ್ತಾರೆ. ಹೋದ ಪ್ರಶ್ನೆಗಳನ್ನು ಎಣಿಸುತ್ತಾರೆ. "ಮೂರು! ಬರೀ ಮೂರು!" ಎಂದು ಕಿರುಚುತ್ತಾರೆ.

"ಏನಾಯ್ತೇ, ಬಿದ್ಯಾ?" ಫೋನಿನಲ್ಲಿ ಅತ್ತೆಗೆ ಗಾಬರಿ.

ಏಳು ಗಂಟೆಯೊಳಗೆ ನಲವತ್ತು ಸಲ ಪರೀಕ್ಷೆ ಮಾಡುತ್ತಾರೆ. ನಲವತ್ತು ಸಲವೂ ಮೂರೇ.

ಶುಕ್ರವಾರ ಹಿರಿಯರು ಒಪ್ಪುತ್ತಾರೆ, ಸೌಲಭ್ಯ ಉಳಿಯುತ್ತದೆ. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ಒಂದೇ ಸಾಲು, ಈಕೆಯ ಹೆಸರಿಲ್ಲ. ಬೇಜಾರಿಲ್ಲವೇ ಎಂದು ನಾನು ಕೆಣಕಿದೆ. "ಅಯ್ಯೋ, ಹೆಸರು ಹಾಕಿದ್ರೆ ದೂರೆಲ್ಲ ನಮ್ಮನೆಗೇ ಬರತ್ತೆ!"

ಈ ಬರಹ ಮುಗಿಸುವ ಹೊತ್ತಿಗೆ ದ್ವೀಪದಿಂದ ಇನ್ನೊಂದು ಕಾಗದ. "ಮೊದಲು ಸೇವ್ ಒತ್ತಿ ಟೀ ಕಾಯಿಸ್ಕೊಂಡು ಬರ್ತಿದ್ದೆ. ಇವತ್ತು ಕುರ್ಚಿಯಿಂದ ಏಳೋಕೂ ಬಿಡಲಿಲ್ಲ."

ಈಕೆ ಅದನ್ನು ಎರಡು ಸಲ ಓದುತ್ತಾರೆ. ಕಣ್ಣೊರೆಸಿಕೊಂಡು ನಗುತ್ತಾರೆ.

"ಪಾಪ, ಅವರ ಟೀ ತಪ್ಪಿಸಿದ್ದು ನಾನೇ."